ಮರದ ಜಾತಿ ಆಮೇಲೆ, ನಾರು ಮೊದಲು

ಭಾರ ಎಳೆಯುವ ಕುದುರೆಗೆ ಬೇಕಾದ ನೊಗ, ಗಾಡಿಯ ಮೂಕಿ, ಸರಪಳಿ ಸಿಕ್ಕಿಸುವ ಅಡ್ಡಮರ ಇವನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳಲು ಹೊರಟವರು ಯಾವ ಜಾತಿಯ ಮರ ಒಳ್ಳೆಯದೆಂದು ಮೊದಲು ಕೇಳುತ್ತಾರೆ. ಆ ಪ್ರಶ್ನೆಯನ್ನು ಎರಡನೆಯದಾಗಿ ಕೇಳಬೇಕೆಂಬುದು ನನ್ನ ವಾದ. ಮೊದಲು ನೋಡಬೇಕಾದದ್ದು, ಆರಿಸಿಕೊಂಡ ತುಂಡಿನಲ್ಲಿ ನಾರು ಈ ತುದಿಯಿಂದ ಆ ತುದಿಯವರೆಗೆ ನೇರವಾಗಿ ಸಾಗಿದೆಯೇ ಎಂಬುದನ್ನು.

ಕುದುರೆಯೊಂದು ತನ್ನ ತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟು ಬಲದಿಂದ ಬಹಳ ಹೊತ್ತು ಎಳೆಯಬಲ್ಲದು. 800 ಕಿಲೋ ತೂಗುವ ಕುದುರೆಗೆ ಅದು ಸುಮಾರು 80 ಕಿಲೋ. ಅಷ್ಟನ್ನು ಸಾಧಾರಣ ಮರವೂ ತಡೆಯುತ್ತದೆ. ಆದರೆ ನೇಗಿಲು ಬೇರಿಗೆ ಸಿಕ್ಕಿಕೊಂಡಾಗ ಅಥವಾ ಹೂತುಹೋದ ದಿಮ್ಮಿಯನ್ನು ಕಿತ್ತೆಳೆಯುವಾಗ ಅಡ್ಡಮರದ ಮೇಲೆ ಬೀಳುವ ಜಗ್ಗು ಅದರ ಹಲವು ಪಟ್ಟು ಇರುತ್ತದೆ. ನಾರು ಹತ್ತು ಸೆಂಟಿಮೀಟರ್ ಉದ್ದಕ್ಕೆ ಒಂದು ಸೆಂಟಿಮೀಟರ್ ಓರೆಯಾಗಿದ್ದರೆ ಮರದ ಬಾಗುಬಲ ಸುಮಾರು ಐದನೆಯ ಒಂದು ಭಾಗ ಕುಗ್ಗುತ್ತದೆ. ಹಠಾತ್ ಪೆಟ್ಟನ್ನು ತಡೆಯುವ ಶಕ್ತಿಯಾದರೋ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕುಗ್ಗುತ್ತದೆ. ಮುರಿಯುವ ರೀತಿಯೂ ಬೇರೆ: ನೇರ ನಾರಿನ ಮರ ಚಟಚಟನೆ ಸದ್ದು ಮಾಡಿ, ಸೀಳುಸೀಳಾಗಿ ಎದ್ದು ಎಚ್ಚರಿಸುತ್ತದೆ, ಓರೆ ನಾರಿನದು ಒಮ್ಮೆಲೇ ತುಂಡಾಗಿ ಕುದುರೆಯ ಹಿಂಗಾಲಿಗೋ ಓಡಿಸುವವರ ಮೊಣಕಾಲಿಗೋ ಬಡಿಯಬಹುದು.

ಆದ್ದರಿಂದ ಸಾಧ್ಯವಿದ್ದಲ್ಲಿ ಗರಗಸ ಬಿಟ್ಟು ಬೆಣೆ ಹೊಡೆದು ದಿಮ್ಮಿಯನ್ನು ಸೀಳಬೇಕು, ಏಕೆಂದರೆ ಸೀಳು ನಾರಿನ ದಾರಿಯಲ್ಲೇ ಹೋಗುತ್ತದೆ. ಕೊಯ್ದ ಹಲಗೆಯನ್ನೇ ಕೊಳ್ಳಬೇಕಾದರೆ ಅಗಲದ ಮುಖವನ್ನೂ ಅಂಚನ್ನೂ ಎರಡನ್ನೂ ಪರೀಕ್ಷಿಸಿ. ಕಣ್ಣಿಗೆ ತಿಳಿಯದಿದ್ದರೆ ಒಂದು ಹನಿ ಶಾಯಿ ಬಿಡಿ, ಅದು ನಾರಿನುದ್ದಕ್ಕೂ ಹರಡಿ ದಿಕ್ಕನ್ನು ತೋರಿಸುತ್ತದೆ. ಗಂಟು ನಡುವಿನಲ್ಲಿದ್ದರೆ ಚೌಕಾಸಿ ಬೇಡ, ಆ ತುಂಡನ್ನು ಬಿಟ್ಟುಬಿಡಿ.

ಇನ್ನು ಜಾತಿಯ ಮಾತು. ಪೆಟ್ಟು ತಾಳುವುದರಲ್ಲಿ ಹಿಕೊರಿ ಎಂಬ ಗಟ್ಟಿ ಜಾತಿಯ ಅಮೆರಿಕದ ಮರಕ್ಕೆ ಸಮನಾದವು ವಿರಳ, ಆದರೆ ಮಳೆಯಲ್ಲಿ ಬಿಟ್ಟರೆ ಅದು ಬೇಗ ಕೊಳೆಯುತ್ತದೆ. ಬಿಳಿ ಓಕ್ ಮರದ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ಭಾಗದಲ್ಲಿ, ರಂಧ್ರಗಳು ಮುಚ್ಚಿಕೊಂಡಿರುವುದರಿಂದ ನೀರು ಸುಲಭವಾಗಿ ಇಳಿಯದು. ಕೆಂಪು ಓಕ್‌ಗೆ ಆ ಗುಣವಿಲ್ಲ, ಹೆಸರು ಕೇಳಿ ಮೋಸಹೋಗಬಾರದು. ಆಶ್ ಎಂಬ ಮರ ಹಗುರ, ಬಳುಕುವ ಗುಣವುಳ್ಳದ್ದು. ನನ್ನ ಮೊದಲ ಆಯ್ಕೆ ಅದೇ. ಆದರೆ ಉತ್ತರ ಅಮೆರಿಕದಲ್ಲಿ 2002ರಲ್ಲಿ ಪತ್ತೆಯಾದ ಪಚ್ಚೆ ಬಣ್ಣದ ಕೊರಕ ಜೀರುಂಡೆಯಿಂದ ಸತ್ತು, ಒಣಗಿ ನಿಂತಿರುವ ಆಶ್ ಬೇಗ ಪೆಳಸಾಗುತ್ತದೆ. ಅದು ಪುಕ್ಕಟೆ ಸಿಕ್ಕರೂ ನಾನು ಅಡ್ಡಮರಕ್ಕೆ ಬಳಸಲಾರೆ. ಆಶ್ ಮತ್ತು ಹಿಕೊರಿಯಲ್ಲಿ ಬೆಳವಣಿಗೆಯ ಉಂಗುರಗಳು ತೀರಾ ಒತ್ತೊತ್ತಾಗಿದ್ದರೆ ಮರ ಹಗುರವೂ ದುರ್ಬಲವೂ ಆಗಿರುತ್ತದೆ, ಒತ್ತಾದ ಉಂಗುರವೇ ಗಟ್ಟಿತನದ ಗುರುತಾಗಿರುವ ಪೈನ್ ಮರ ಕಂಡು ರೂಢಿಯಾದವರಿಗೆ ಇದು ತಲೆಕೆಳಗಾಗಿ ತೋರಬಹುದು. ಉದ್ದನೆಯ ಮೂಕಿಗೆ ಮಾತ್ರ ಡಗ್ಲಾಸ್ ಫರ್‌ನಂಥ ಹಗುರ ಮರವೇ ಲೇಸು, ಏಕೆಂದರೆ ಅದರ ಮುಂಭಾರ ಕುದುರೆಯ ಕೊರಳಿಗೆ ಬೀಳುತ್ತದೆ.

ಗಾಳಿಯಲ್ಲಿ ಒಣಗಲು ಪ್ರತಿ ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಹಳೆಯ ಲೆಕ್ಕ. ಅಡ್ಡಮರದ ನಟ್ಟನಡುವೆ, ಅತಿ ಹೆಚ್ಚು ಬಾಗುವಲ್ಲೇ, ತೂತು ಕೊರೆಯುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಕಬ್ಬಿಣದ ಪಟ್ಟಿ ಸುತ್ತಿ ಅದಕ್ಕೆ ಕೊಂಡಿ ಹಾಕುವುದು ಮೇಲು. ಬಣ್ಣವನ್ನೂ ಬಳಿಯಬೇಡಿ: ಕೂದಲೆಳೆಯಂಥ ಬಿರುಕು ಬಣ್ಣದಡಿ ಅಡಗುತ್ತದೆ, ಅಗಸೆ ಎಣ್ಣೆಯಡಿ ಅಡಗುವುದಿಲ್ಲ.