ಮೊದಲು ಬಂದವರು, ಆಮೇಲೆ ಬಂದವರು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಯಾವ ಪೊಲೀಸ್ ಠಾಣೆಗೆ ಹೋದರೂ ಒಳಗೆ ಎರಡು ಪಂಗಡ ಉಂಟು. ಒಂದು ಜೀಪಿನಲ್ಲಿ ಸುತ್ತುವವರದ್ದು, ಇನ್ನೊಂದು ಕೇಸಿನ ಹಿಂದೆ ಸುತ್ತುವವರದ್ದು. ಮೊದಲನೆಯವರಿಗೆ ಗಸ್ತು, ಬಂದೋಬಸ್ತು, ಬೀಟು, ಪಾರಾವು ಅಂದರೆ ಠಾಣೆಯ ಕಾವಲು. ಎರಡನೆಯವರಿಗೆ ಮಹಜರು, ಸಾಕ್ಷಿಗಳ ಹೇಳಿಕೆ, ಕೇಸ್ ಡೈರಿ, ಚಾರ್ಜ್‌ಶೀಟು. ನಮಗೆ ಹೊರಗಿನವರಿಗೆ ಎಲ್ಲರೂ ಪೊಲೀಸರೇ. ಅವರವರ ನಡುವೆ ಮಾತ್ರ ಒಂದು ಮುನಿಸು ಯಾವಾಗಲೂ ಹೊಗೆಯಾಡುತ್ತಿರುತ್ತದೆ. “ನಿದ್ದೆಗೆಡುವುದು ನಾವು, ಪೇಪರಿನಲ್ಲಿ ಫೋಟೋ ಬರುವುದು ಅವರದ್ದು” ಅಂತ ಗಸ್ತಿನವರು. “ಅವರ ಡ್ಯೂಟಿ ಬೆಳಿಗ್ಗೆಗೆ ಮುಗಿಯುತ್ತದೆ, ನಮ್ಮದು ತೀರ್ಪು ಬಂದರೂ ಮುಗಿಯುವುದಿಲ್ಲ” ಅಂತ ತನಿಖೆಯವರು.

ನಾನು ಪೊಲೀಸನಲ್ಲ, ವಕೀಲ. ಹೆಚ್ಚಾಗಿ ಆರೋಪಿಗಳ ಪರ ವಾದಿಸುವವನು. ಆದ್ದರಿಂದ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಮುನಿಸಿನಿಂದ ಯಾರಿಗಾದರೂ ಲಾಭ ಆಗುವುದಿದ್ದರೆ ಅದು ನನ್ನ ಕಕ್ಷಿಗಾರರಿಗೆ.

ಹೇಗೆ ಅಂತ ಕೇಳಿ. ನಮ್ಮ ಅಡಿಕೆ ತೋಟಗಳ ಕಡೆ ನಡೆದ ಒಂದು ಕಳವಿನ ಕೇಸು. ಊರಿನ ಹೆಸರು ಬೇಡ. ರಾತ್ರಿ ಅಡಿಕೆ ಕೋಣೆಯ ಬೀಗ ಒಡೆದು ಗೋಣಿಗಳನ್ನು ಪಿಕಪ್ಪಿಗೆ ತುಂಬಿಕೊಂಡು ಹೋಗಿದ್ದರು. ಮನೆಯಲ್ಲಿದ್ದದ್ದು ವಯಸ್ಸಾದ ಒಬ್ಬ ಅಜ್ಜಿ ಮಾತ್ರ. ಗಸ್ತಿನ ಜೀಪು ಬಂತು. ಜೀಪಿನಲ್ಲಿದ್ದ ಹುಡುಗ ಊರಿನವನೇ, ತುಳು ಬಲ್ಲವನು. ಅಜ್ಜಿ ಅವನನ್ನು ಚಾವಡಿಯಲ್ಲಿ ಕೂರಿಸಿ, “ಮಗಾ” ಅಂತ ಕರೆದು, ಕಂಡದ್ದೆಲ್ಲ ಹೇಳಿದರು. ಪಿಕಪ್ಪಿನ ಒಂದು ಲೈಟು ಉರಿಯುತ್ತಿರಲಿಲ್ಲ. ಅದು ತೋಡಿನ ಬದಿಯ ದಾರಿಯಲ್ಲಿ ಹೋಯಿತು, ಡಾಮರು ರಸ್ತೆಯಲ್ಲಿ ಅಲ್ಲ. ಹೋಗುವಾಗ ಒಬ್ಬ ಇನ್ನೊಬ್ಬನನ್ನು ಹೆಸರು ಹಿಡಿದು ಕರೆದ. ಹುಡುಗ ಎಲ್ಲ ಕೇಳಿಸಿಕೊಂಡ. ಒಡೆದ ಬೀಗ ಬಾಗಿಲ ಬುಡದಲ್ಲೇ ಬಿದ್ದಿತ್ತು. ಯಾರಾದರೂ ತುಳಿದಾರು ಅಂತ ಎತ್ತಿ ಕಿಟಕಿಯ ದಂಡೆಯ ಮೇಲೆ ಇಟ್ಟ. ಅಷ್ಟರಲ್ಲಿ ಹೆದ್ದಾರಿಯಲ್ಲಿ ಅಪಘಾತ ಅಂತ ಕರೆ ಬಂತು, ಜೀಪು ಹೊರಟಿತು. ಬೆಳಿಗ್ಗೆ ಅವನನ್ನು ಜಾತ್ರೆಯ ಬಂದೋಬಸ್ತಿಗೆ ಹಾಕಿದರು.

ಮಧ್ಯಾಹ್ನ ತನಿಖೆಯ ಎಸ್‌ಐ ಬಂದರು. ಕೇರಳದ ತೆಂಕಣ ಜಿಲ್ಲೆಯವರು, ಒಳ್ಳೆಯ ಮನುಷ್ಯ, ಕೈತುಂಬ ಕೇಸು. ಬೀಗ ಕಿಟಕಿಯ ದಂಡೆಯಲ್ಲಿ ಕಂಡಿತು, ಮಹಜರಿನಲ್ಲಿ ಹಾಗೇ ಬರೆದರು. ಅಜ್ಜಿ ಮತ್ತೊಮ್ಮೆ ಎಲ್ಲ ಹೇಳಬೇಕಾಯಿತು. ಈ ಸಲ ಪಕ್ಕದ ಮನೆಯವರು ತುಳುವನ್ನು ಮಲಯಾಳಂಗೆ ಹೇಳಿಕೊಟ್ಟರು. ಲೈಟಿನ ಮಾತು ಬಿಟ್ಟುಹೋಯಿತು, ಕರೆದ ಹೆಸರಿನ ಮಾತೂ ಬಿಟ್ಟುಹೋಯಿತು.

ಕೋರ್ಟಿನಲ್ಲಿ ಅಜ್ಜಿ ಬೀಗ ಬಾಗಿಲ ಬುಡದಲ್ಲಿತ್ತು ಅಂದರು. ಎಸ್‌ಐ ಕಿಟಕಿಯ ದಂಡೆಯಲ್ಲಿತ್ತು ಅಂದರು. “ಹಾಗಾದರೆ ಎತ್ತಿಟ್ಟವರು ಯಾರು ಸಾರ್?” ಅಂತ ನಾನು ಕೇಳಿದೆ. ಉತ್ತರ ಇರಲಿಲ್ಲ. ಎತ್ತಿಟ್ಟವನ ಹೆಸರು ಸಾಕ್ಷಿಗಳ ಪಟ್ಟಿಯಲ್ಲೇ ಇರಲಿಲ್ಲವಲ್ಲ! ವಶಪಡಿಸಿಕೊಂಡ ಅಡಿಕೆ ಯಾರದ್ದು ಅಂತ ಹೇಳುವುದು ಮೊದಲೇ ಕಷ್ಟ. ಒಬ್ಬರ ಮನೆಯ ಚಾಲಿಗೂ, ಅಂದರೆ ಒಣಗಿಸಿದ ಅಡಿಕೆಗೂ, ಇನ್ನೊಬ್ಬರ ಮನೆಯ ಚಾಲಿಗೂ ಎಂತ ವ್ಯತ್ಯಾಸ? ಸಂಶಯದ ಲಾಭ ನನ್ನ ಕಕ್ಷಿಗಾರನಿಗೆ ಸಿಕ್ಕಿತು. ನನ್ನ ಕೆಲಸ ನಾನು ಮಾಡಿದೆ. ಅಜ್ಜಿಯ ಮುಖ ನೋಡುವುದು ಮಾತ್ರ ಆ ದಿನ ಸುಲಭ ಇರಲಿಲ್ಲ.

ಇಲ್ಲಿ ಸೋಮಾರಿಗಳು ಯಾರೂ ಇಲ್ಲ, ನೋಡಿ. ಇಬ್ಬರೂ ದುಡಿದವರೇ. ಅವರು ಪರಸ್ಪರ ಹತ್ತು ನಿಮಿಷ ಮಾತಾಡಲಿಲ್ಲ, ಅಷ್ಟೇ.

ಗಸ್ತು ಮತ್ತು ಪತ್ತೇದಾರಿಕೆಯ ಈ ಎಳೆದಾಟ ನಮ್ಮಲ್ಲಿ ಹುಟ್ಟಿದ್ದಲ್ಲ. ಲಂಡನ್ನಿನಲ್ಲಿ ಯೂನಿಫಾರ್ಮಿನ ಪೊಲೀಸರು ಬಂದದ್ದು 1829ರಲ್ಲಿ. ಮಫ್ತಿಯ ಪತ್ತೇದಾರರ ಚಿಕ್ಕ ತಂಡ ಕಟ್ಟಿದ್ದು 1842ರಲ್ಲಿ. ಅಮೆರಿಕದಲ್ಲಿ ರಾಂಡ್ ಎಂಬ ಸಂಸ್ಥೆ 1975ರಲ್ಲಿ ಒಂದು ದೊಡ್ಡ ಅಧ್ಯಯನ ಹೊರತಂದಿತು. ಒಂದು ಕೇಸು ಬಗೆಹರಿಯುತ್ತದೋ ಇಲ್ಲವೋ ಅನ್ನುವುದನ್ನು ಎಲ್ಲಕ್ಕಿಂತ ಜಾಸ್ತಿ ತೀರ್ಮಾನಿಸುವುದು, ಮೊದಲು ಸ್ಥಳಕ್ಕೆ ಬಂದ ಗಸ್ತಿನ ಪೊಲೀಸನಿಗೆ ನೊಂದವರು ಕೊಡುವ ಮಾಹಿತಿ ಅಂತ ಅದು ಹೇಳಿತು. ಪತ್ತೇದಾರರಿಗೆ ಇದು ಹಿಡಿಸಲಿಲ್ಲ, ಹಿಡಿಸುವುದಾದರೂ ಹೇಗೆ? ನಮ್ಮ ಅಜ್ಜಿಯ ಕೇಸಿಗೆ ಮಾತ್ರ ಇದು ಅಕ್ಷರಶಃ ಹೊಂದುತ್ತದೆ.

ನಮ್ಮ ದೇಶದಲ್ಲಿ ಮದ್ದು ಅಂತ ಹೇಳಿದ್ದು ಎರಡೂ ಕೆಲಸವನ್ನು ಬೇರೆ ಮಾಡುವುದು. ಕರ್ನಾಟಕ ಮತ್ತು ಕೇರಳ ಎರಡೂ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠರ ಸಮಿತಿ 2003ರಲ್ಲಿ ಇದನ್ನೇ ಹೇಳಿತು. ಪೊಲೀಸ್ ಸುಧಾರಣೆಗೆ ಸಂಬಂಧಿಸಿದ ಪ್ರಕಾಶ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು ಆದೇಶವನ್ನೇ ಕೊಟ್ಟಿತು. 10 ಲಕ್ಷ ಅಥವಾ ಜಾಸ್ತಿ ಜನರಿರುವ ಊರುಗಳಿಂದ ಶುರು ಮಾಡಿ ಅಂತ ಹೇಳಿತು. 2011ರ ಜನಗಣತಿಯಲ್ಲಿ ನಮ್ಮ ಇಡೀ ಜಿಲ್ಲೆ ಸೇರಿದರೂ ಜನ ಸುಮಾರು 13 ಲಕ್ಷ, 10 ಲಕ್ಷದ ಊರು ಒಂದೂ ಇಲ್ಲ. ಅಂದರೆ ಆ ಆದೇಶ ಮೊದಲು ಕಣ್ಣಿಟ್ಟದ್ದು ನಮ್ಮಂಥ ಊರಿನ ಮೇಲೆ ಅಲ್ಲವೇ ಅಲ್ಲ. ಕೇರಳದಲ್ಲಿ 2018ರ ಜನವರಿಯಿಂದ ಎಸ್‌ಐಗಳ ಬದಲು ಇನ್‌ಸ್ಪೆಕ್ಟರುಗಳನ್ನು ಠಾಣೆಯ ಮುಖ್ಯಸ್ಥರನ್ನಾಗಿ ಮಾಡತೊಡಗಿದರು. ಅವರ ಕೆಳಗೆ ಕಾನೂನು ಸುವ್ಯವಸ್ಥೆಗೆ ಒಬ್ಬ ಎಸ್‌ಐ, ಕ್ರೈಮಿಗೆ ಒಬ್ಬ ಎಸ್‌ಐ ಅಂತ ಲೆಕ್ಕ.

ಕಾಗದದಲ್ಲಿ ಚೆನ್ನಾಗಿದೆ, ಅಲ್ವಾ? ಈಗ ಕುಂಬಳೆ ಜಾತ್ರೆಯ ಬೆಡಿಯ, ಅಂದರೆ ಸಿಡಿಮದ್ದಿನ, ದಿನ ಠಾಣೆಗೆ ಹೋಗಿ ನೋಡಿ. ಕ್ರೈಮಿನವರೂ ಬಂದೋಬಸ್ತಿನಲ್ಲಿ ಇರುತ್ತಾರೆ. ಚುನಾವಣೆ ಬಂದರೂ ಅದೇ ಕತೆ. ಕೆಲಸ ಎರಡಾಯಿತು, ಜನ ಎರಡು ಪಾಲು ಆಗಲಿಲ್ಲ. ಬೇರೆ ಮಾಡಿದ್ದರ ಫಲ ಅಂದರೆ ಈಗ “ಅದು ನನ್ನ ಕೆಲಸ ಅಲ್ಲ” ಅಂತ ಹೇಳಲು ಒಂದು ದಾರಿ ಸಿಕ್ಕಿದೆ, ಅಷ್ಟೇ ಅಂತ ಒಬ್ಬ ನಿವೃತ್ತ ಎಎಸ್‌ಐ ನನ್ನ ಹತ್ತಿರ ನಕ್ಕರು.

ಅದರ ಮೇಲೆ 2024ರ ಜುಲೈ 1ರಿಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಶೋಧನೆ ಮಾಡುವಾಗ, ವಸ್ತು ವಶಪಡಿಸಿಕೊಳ್ಳುವಾಗ ವಿಡಿಯೋ ಆಗಲೇಬೇಕು. 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ದೂರು ಕೊಟ್ಟವರಿಗೆ ತಿಳಿಸಬೇಕು. ಆರೋಪಿ ಕಸ್ಟಡಿಯಲ್ಲಿದ್ದರೆ ಕೇಸಿಗೆ ತಕ್ಕಂತೆ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟು ಹಾಕಬೇಕೆಂಬ ಹಳೆಯ ಗಡುವು ಹಾಗೇ ಉಂಟು. ತಪ್ಪಿದರೆ ಜಾಮೀನು ಅವನ ಹಕ್ಕು. ಇದೆಲ್ಲ ಒಳ್ಳೆಯದೇ, ವಕೀಲನಾಗಿ ನಾನು ಬೇಡ ಅನ್ನುವುದಿಲ್ಲ. ಆದರೆ ಮಹಜರಿನ ಹೊತ್ತಿಗೆ ಮೊಬೈಲು ಹಿಡಿದು ನಿಲ್ಲುವವನು ಯಾರು? ರಾತ್ರಿಯಿಡೀ ಗಸ್ತು ಮಾಡಿ ಮನೆಗೆ ಹೊರಟಿದ್ದವನು. “ಸ್ವಲ್ಪ ನಿಲ್ಲು ಮಾರಾಯ” ಅಂತ ಅವನನ್ನು ನಿಲ್ಲಿಸುತ್ತಾರೆ.

ನಮ್ಮ ಗಡಿನಾಡಿಗೇ ಸೇರಿದ ಇನ್ನೊಂದು ಹೊರೆ ಉಂಟು. ಅದನ್ನು ಯಾವ ಡ್ಯೂಟಿ ಪುಸ್ತಕದಲ್ಲೂ ಬರೆಯುವುದಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಠಾಣೆಗಳಿಗೆ ಬರುವ ದೂರುಗಳಲ್ಲಿ ಎಷ್ಟೋ ಕನ್ನಡದಲ್ಲಿರುತ್ತವೆ. ಬಾಯಿಮಾತು ತುಳು, ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ ಯಾವುದೂ ಆಗಬಹುದು. ತನಿಖೆಯ ಅಧಿಕಾರಿ ವರ್ಗವಾಗಿ ಬಂದ ಮಲಯಾಳಂನವರಾದರೆ ಊರಿನ ಸಿವಿಲ್ ಪೊಲೀಸ್ ಆಫೀಸರನ್ನೇ, ಅಂದರೆ ಕಾನ್‌ಸ್ಟೇಬಲನ್ನೇ, ಕೂರಿಸಿಕೊಳ್ಳಬೇಕು. ಅವನು ಬೀಟಿನವನು. 2008ರಲ್ಲಿ ಜನಮೈತ್ರಿ ಎಂಬ ಜನಸ್ನೇಹಿ ಪೊಲೀಸ್ ಯೋಜನೆ ಶುರುವಾದಾಗಿನಿಂದ ಮನೆಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವುದೂ ಬೀಟಿನವರ ಕೆಲಸವೇ. ತಲಪಾಡಿ ದಾಟಿ ಆರೋಪಿಯನ್ನು ಹುಡುಕಲು ಹೊರಟರೆ ಅಲ್ಲಿಯ ಠಾಣೆಯಲ್ಲಿ ಮಾತಾಡಲಿಕ್ಕೂ ಅವನೇ ಬೇಕು. ಹೇಳಿಕೆಯನ್ನು ಅವನು ಮಲಯಾಳಂನಲ್ಲಿ ಹೇಳುತ್ತಾನೆ, ಅಧಿಕಾರಿ ಬರೆದುಕೊಳ್ಳುತ್ತಾರೆ. ಕೇಸು ಗೆದ್ದರೆ ಗುಡ್ ಸರ್ವಿಸ್ ಎಂಟ್ರಿ, ಅಂದರೆ ಸೇವಾ ದಾಖಲೆಯಲ್ಲಿ ಮೆಚ್ಚುಗೆ, ಹೇಳಿಕೆ ಬರೆದುಕೊಂಡವರಿಗೆ. ಹೇಳಿಕೊಟ್ಟವನಿಗೆ ಒಂದು ಚಹಾ. ಮುನಿಸು ಬರುವುದಿಲ್ಲವಾ?

ತನಿಖೆಯವರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಸ್ಥಳವನ್ನು ತುಳಿದು ಹಾಳು ಮಾಡಿರುತ್ತಾರೆ, ಬರೆದ ನಾಲ್ಕು ಸಾಲಿನಲ್ಲಿ ಗಂಟೆಯೇ ಇರುವುದಿಲ್ಲ ಅಂತ ಅವರು ಹೇಳುವುದು ಎಷ್ಟೋ ಸಲ ನಿಜ.

ನನಗೆ ಕಾಣುವುದು ಇಷ್ಟು. ನಮ್ಮಂಥ ಸಣ್ಣ ಠಾಣೆಗಳಲ್ಲಿ ಸುಮ್ನೆ ಗೋಡೆ ಕಟ್ಟಿ ಪ್ರಯೋಜನ ಇಲ್ಲ. ಮೊದಲು ಬಂದವನು ಕಂಡದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲವನ್ನೂ ಒಂದು ಪುಟದಲ್ಲಿ ಬರೆದು ಗಂಟೆ ಹಾಕಿ ಸಹಿ ಮಾಡಲಿ. ಬೇಕಾದರೆ ಕನ್ನಡದಲ್ಲೇ ಬರೆಯಲಿ. ಅದನ್ನು ತನಿಖೆಯವರ ಕೈಗೆ ಕೊಡುವವರೆಗೆ ಅವನನ್ನು ಜಾತ್ರೆಗೆ ಕಳಿಸಬೇಡಿ. ಭಾಷೆ ಹೇಳಿಕೊಡುವ ಹೊತ್ತನ್ನು ಡ್ಯೂಟಿಯಲ್ಲೇ ಹಿಡಿಯಿರಿ. ಅವನ ಹೆಸರು ಸಾಕ್ಷಿಪಟ್ಟಿಯಲ್ಲಿ ಇರಲಿ.

ಇದಕ್ಕೆ ಗಸ್ತಿನವರೇ ಮೊದಲು ಬೇಡ ಅಂದಾರು, ನನಗೆ ಗೊತ್ತು. ಸಾಕ್ಷಿಪಟ್ಟಿಗೆ ಸೇರಿದರೆ ವರ್ಷಗಳ ಮೇಲೆ ಸಮನ್ಸ್ ಬರುತ್ತದೆ. ಅಷ್ಟರಲ್ಲಿ ಅವನಿಗೆ ಕಣ್ಣೂರಿಗೋ ವಯನಾಡಿಗೋ ವರ್ಗ ಆಗಿರುತ್ತದೆ. ಒಂದು ಬೀಗದ ಮಾತು ಹೇಳಲು ರಜೆ ಹಾಕಿ ಬಸ್ಸು ಹಿಡಿದು ಬರಬೇಕು, ಬಂದರೆ ಕೇಸು ಮುಂದಕ್ಕೆ ಹೋಗಿರುತ್ತದೆ. ಆದರೆ ಸರಕಾರಿ ನೌಕರರ ಸಾಕ್ಷಿಯನ್ನು ವಿಡಿಯೋ ಮೂಲಕ ಕೇಳಲು ಹೊಸ ಸಂಹಿತೆಯೇ ಅವಕಾಶ ಕೊಟ್ಟಿದೆ. ಅವನು ಇದ್ದ ಠಾಣೆಯಲ್ಲೇ ಕೂತು ಹೇಳಲಿ. ನನ್ನ ಪ್ರಶ್ನೆ ನಾನು ಇಲ್ಲಿಂದಲೇ ಕೇಳುತ್ತೇನೆ.

ನಮಸ್ಕಾರ.