ಬೀಗ ಹಾಕಿದ ಬಾಗಿಲಿಗೆ ಬೀಳುವ ದಂಡ

ಕೇಳುಗರಿಗೆ ನಮಸ್ಕಾರ.

ಅಂಗಡಿ, ಕಚೇರಿ, ಕಾರ್ಖಾನೆ, ಹಾಸ್ಟೆಲು, ಆಸ್ಪತ್ರೆ, ಸಭಾಂಗಣ. ಜನ ಸೇರುವ ಯಾವುದೇ ಕಟ್ಟಡಕ್ಕೆ ಅಗ್ನಿಶಾಮಕದವರು ತಪಾಸಣೆಗೆ ಬಂದರೆ ಮಾಲೀಕರು ಕರೆದುಕೊಂಡು ಹೋಗಿ ತೋರಿಸುವುದು ಗೋಡೆಗೆ ನೇತುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳನ್ನು. ಕೆಲಸ ಬಲ್ಲ ಅಧಿಕಾರಿ ಹಿಂಬದಿಯ ಬಾಗಿಲು ಎಲ್ಲಿದೆ ಎಂದು ಕೇಳುತ್ತಾರೆ. ಅದು ಕೀಲಿಕೈ ಇಲ್ಲದೆ ತೆರೆಯುತ್ತದೆಯೇ? ಯಾವ ಕಡೆಗೆ ತೆರೆಯುತ್ತದೆ? ತೆರೆದ ಮೇಲೆ ಆಚೆ ಕಾಲಿಡಲು ಜಾಗವಿದೆಯೇ? ಅಲ್ಲಿಂದ ರಸ್ತೆಗೆ ದಾರಿ ಇದೆಯೇ? ಇವಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಸಿಲಿಂಡರು ಎಷ್ಟಿದ್ದರೂ ನೋಟಿಸು ತಪ್ಪುವುದಿಲ್ಲ, ತಪ್ಪಲೂ ಬಾರದು.

ಬೆಂಕಿ ಬಿದ್ದ ಕಟ್ಟಡದಲ್ಲಿ ಜನ ಸಾಯುವುದು ಹೆಚ್ಚಾಗಿ ಸುಟ್ಟು ಅಲ್ಲ, ಹೊಗೆ ಕುಡಿದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ದಟ್ಟವಾಗಿದ್ದರೆ ಕೆಲವೇ ಉಸಿರಿನಲ್ಲಿ ತಲೆ ತಿರುಗಿ, ಎದುರಿಗಿರುವ ಚಿಲಕ ಕೈಗೆ ಸಿಗದ ಸ್ಥಿತಿ ಬರುತ್ತದೆ. ಅದಕ್ಕೇ ನಿಯಮಗಳ ದೊಡ್ಡ ಪಾಲು ಬೆಂಕಿ ಆರಿಸುವುದಕ್ಕಿಂತ ಹೊರಬೀಳುವ ದಾರಿಯ ಬಗ್ಗೆಯೇ ಇದೆ.

ಬಾಗಿಲಿಗೆ ಬೀಗ ಹಾಕಲು ಮಾಲೀಕರು ಕೊಡುವ ಕಾರಣ ಕಳ್ಳತನ. ಆ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದಕ್ಕೆ ಬೇರೆ ದಾರಿಯಿದೆ. ಪ್ಯಾನಿಕ್ ಬಾರ್ ಎಂಬ ಅಡ್ಡಪಟ್ಟಿಯ ಚಿಲಕವನ್ನು ಸೊಂಟದ ಎತ್ತರದಲ್ಲಿ ಕೂರಿಸಿದರೆ, ಒಳಗಿನವರು ಮೈಯಿಂದ ಒತ್ತಿದರೂ ಬಾಗಿಲು ತೆರೆಯುತ್ತದೆ. ಹೊರಗಡೆ ಹಿಡಿಯೇ ಇರುವುದಿಲ್ಲ, ಹೊರಗಿನವರು ಒಳಬರಲಾರರು. ಯಾರಾದರೂ ಒಳಗಿನಿಂದ ಸಾಮಾನು ಸಾಗಿಸಿಯಾರು ಎಂಬ ಅನುಮಾನವಿದ್ದರೆ, ತೆರೆದ ಕೂಡಲೇ ಕೂಗುವ ಗಂಟೆಯನ್ನು ಜೋಡಿಸಬಹುದು. ಕೀಲಿಕೈಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪಕ್ಕಕ್ಕೆ ತೂಗುಹಾಕುವುದು ಇದಕ್ಕೆ ಬದಲಿಯಲ್ಲ. ಕತ್ತಲಲ್ಲಿ, ಹೊಗೆಯಲ್ಲಿ, ಹಿಂದಿನಿಂದ ಜನ ಒತ್ತುತ್ತಿರುವಾಗ ಗಾಜು ಒಡೆದು ಕೀಲಿ ಹುಡುಕಿ ಬೀಗ ತೆಗೆಯುವುದು ಆಗದ ಮಾತು.

ಐವತ್ತು ಅಥವಾ ಹೆಚ್ಚು ಜನ ಬಳಸುವ ಕೋಣೆಯ ಬಾಗಿಲು ಹೊರಕ್ಕೇ ತೆರೆಯಬೇಕು ಎಂಬುದು ಹಲವು ದೇಶಗಳು ಅನುಸರಿಸುವ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಹೊರಡಿಸಿದ 101ನೇ ಸಂಹಿತೆಯ ನಿಯಮ. ಒಳಕ್ಕೆ ತೆರೆಯುವ ಬಾಗಿಲಿಗೆ ಜನ ಬಂದು ಅಂಟಿಕೊಂಡರೆ, ಮುಂದಿದ್ದವನು ಎಷ್ಟೇ ಎಳೆದರೂ ತೆಗೆಯಲಾಗದು. ದಾರಿಯ ಅಗಲಕ್ಕೂ ಅದೇ ಸಂಹಿತೆ ಲೆಕ್ಕ ಕೊಡುತ್ತದೆ. ಸಮತಟ್ಟಾದ ದಾರಿಗೆ ತಲೆಗೆ 5 ಮಿಲಿಮೀಟರ್, ಮೆಟ್ಟಿಲಿಗೆ ತಲೆಗೆ 7.6 ಮಿಲಿಮೀಟರ್. ಮುನ್ನೂರು ಜನಕ್ಕೆ ಒಂದೂವರೆ ಮೀಟರ್ ದಾರಿ ಬೇಕು, ಮೆಟ್ಟಿಲಾದರೆ ಎರಡೂಕಾಲು ಮೀಟರ್ ದಾಟುತ್ತದೆ. ಈಗ ಆ ದಾರಿಯ ಪಕ್ಕ 40 ಸೆಂಟಿಮೀಟರ್ ಅಗಲದ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿದ್ದೀರಿ ಅನ್ನಿ. ಲೆಕ್ಕದಲ್ಲಿ ಎಂಬತ್ತು ಜನರ ದಾರಿ ಹೋಯಿತು. ‘ಒಂದು ಪಕ್ಕಕ್ಕೆ ತಾನೇ ಇಟ್ಟಿದ್ದೇವೆ’ ಎಂಬ ಮಾತಿಗೆ ತಪಾಸಣೆಯಲ್ಲಿ ಬೆಲೆಯಿಲ್ಲದಿರುವುದು ಇದಕ್ಕೇ. ಸಾಲದ್ದಕ್ಕೆ ಆ ಪೆಟ್ಟಿಗೆಗಳೇ ಉರಿಯುವ ಸರಕು.

ಮೆಟ್ಟಿಲ ಬಾಯಿಯಲ್ಲಿರುವ ಬೆಂಕಿ ತಡೆಯುವ ಬಾಗಿಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಹೆಚ್ಚಿನ ಕಟ್ಟಡಗಳು ಎಡವುವುದು ಇಲ್ಲೇ. ಮೇಲ್ತುದಿಯಲ್ಲಿ ಮಡಚುವ ತೋಳಿನ ಕ್ಲೋಸರ್ ಇದೆ, ಬಾಗಿಲನ್ನು ತಾನೇ ಎಳೆದು ಮುಚ್ಚಲು. ಅಂಚಿನ ಸೀಳಿನಲ್ಲಿ ಒಂದು ಪಟ್ಟಿ ಕೂತಿದೆ, ಕಾವು ತಾಗಿದರೆ ಅದು ಉಬ್ಬಿ ಸಂದನ್ನು ಮುಚ್ಚುತ್ತದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಮೇಲೆ ಮತ್ತು ಪಕ್ಕದಲ್ಲಿ ಸುಮಾರು 3 ಮಿಲಿಮೀಟರ್ ಸಂದು ಇರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಪಟ್ಟಿ ಉಬ್ಬಿದರೂ ತುಂಬದು. ಪರೀಕ್ಷೆ ಬಹಳ ಸುಲಭ. ಬಾಗಿಲನ್ನು ಪೂರ್ತಿ ತೆರೆದು ಕೈಬಿಡಿ. ಆಮೇಲೆ ಅರ್ಧ ತೆರೆದು ಬಿಡಿ. ಆಮೇಲೆ ಒಂದು ಗೇಣು ಮಾತ್ರ ತೆರೆದು ಬಿಡಿ. ಮೂರು ಸಲವೂ ಬಾಗಿಲು ತಾನೇ ಬಂದು, ಚಿಲಕ ಟಕ್ಕೆಂದು ಕೂರಬೇಕು. ಗೇಣು ತೆರೆದಾಗ ನಿಂತುಬಿಟ್ಟರೆ ಕ್ಲೋಸರಿನ ಬಲ ಸಾಲದು, ಇಲ್ಲವೇ ಅದರ ಎಣ್ಣೆ ಸೋರಿದೆ. ನೆಲಕ್ಕೆ ಉಜ್ಜುತ್ತಿದ್ದರೆ ಬಿಜಾಗರಿಯ ಸ್ಕ್ರೂ ಸಡಿಲವಾಗಿ ಬಾಗಿಲು ಜೋತಿದೆ.

ಇಷ್ಟೆಲ್ಲ ಸರಿಯಿದ್ದ ಬಾಗಿಲಿಗೂ ಓಡಾಡಲು ಅನುಕೂಲವೆಂದು ಇಟ್ಟಿಗೆಯನ್ನೋ ಮಡಚಿದ ರಟ್ಟನ್ನೋ ಅಡ್ಡ ಕೊಟ್ಟು ತೆರೆದಿಡುತ್ತಾರೆ. ಹಾಗೆ ತೆರೆದಿಟ್ಟ ಮೆಟ್ಟಿಲುಗೂಡು ಹೊಗೆ ಕೊಳವೆಯಂತೆ ಕೆಳಗಿನ ಹೊಗೆಯನ್ನೆಲ್ಲ ಮೇಲೆಳೆಯುತ್ತದೆ. ಮೇಲಿನ ಮಹಡಿಯವರಿಗೆ ಇಳಿಯುವ ದಾರಿಯೇ ವಿಷದ ದಾರಿಯಾಗುತ್ತದೆ. ತೆರೆದಿಡಲೇಬೇಕಾದ ಕಡೆ ಅಲಾರಂಗೆ ಜೋಡಿಸಿದ ಅಯಸ್ಕಾಂತದ ಹಿಡಿಕೆ ಹಾಕಿಸಬೇಕು. ಅಲಾರಂ ಕೂಗಿದ ಕೂಡಲೇ ಅದು ಬಾಗಿಲನ್ನು ಬಿಟ್ಟುಬಿಡುತ್ತದೆ.

ಸಿಲಿಂಡರುಗಳ ವಿಷಯ. ತಿಂಗಳಿಗೊಮ್ಮೆ ಕಣ್ಣಾಡಿಸಿ: ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ, ಪಿನ್ನು ಮತ್ತು ಸೀಲು ಇವೆಯೇ, ಕೊಳವೆ ಬಿರಿದಿದೆಯೇ, ಮುಂದೆ ಏನನ್ನಾದರೂ ಒಟ್ಟಿದ್ದಾರೆಯೇ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ, ಅದನ್ನು ತೂಗಿಯೇ ನೋಡಬೇಕು. ಒಳಗಿನ ಅನಿಲ ಹತ್ತನೇ ಒಂದು ಭಾಗ ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ಪುಡಿಯ ಸಿಲಿಂಡರಿನಲ್ಲಿ ಮುಳ್ಳು ಹಸಿರಿದ್ದೂ ಪುಡಿ ತಳದಲ್ಲಿ ಗಟ್ಟಿಯಾಗಿರಬಹುದು. ಹಾಗಾಗಿ ಚೀಟಿಯ ಮೇಲಿನ ತಾರೀಖು ಬದಲಾಯಿಸಿದರೆ ಸರ್ವೀಸು ಆದಂತಲ್ಲ. ಸಾಮಾನ್ಯ ಸಿಲಿಂಡರೊಂದು ಪೂರ್ತಿ ಖಾಲಿಯಾಗಲು ಅರ್ಧ ನಿಮಿಷವೂ ಬೇಡ. ಪಿನ್ನು ಎಳೆದು, ಉರಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಎಡದಿಂದ ಬಲಕ್ಕೆ ಬೀಸಬೇಕೆಂದು ಮೊದಲೇ ಕಲಿಯದವರ ಕೈಯಲ್ಲಿ ಅದು ವ್ಯರ್ಥವಾಗುತ್ತದೆ. ನೌಕರರಿಗೆ ತರಬೇತಿ ಇಲ್ಲದಿರುವುದನ್ನೂ ಉಲ್ಲಂಘನೆ ಎಂದು ಬರೆಯುವುದು ಇದಕ್ಕೇ. ಉರಿಯುವ ಎಣ್ಣೆಗೆ ನೀರು ಸುರಿಯಬಾರದೆಂದು ಅಡುಗೆಮನೆಯವರಿಗೆ ಕಲಿಸಿರಲೇಬೇಕು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಆಗುತ್ತದೆ, ಉರಿಯುವ ಎಣ್ಣೆಯನ್ನು ಚಾವಣಿಗೆ ಎಸೆಯುತ್ತದೆ.

ಬೆಂಕಿಯ ಕಾವಿಗೆ ಚಾವಣಿಯಿಂದ ತಾನೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರುವ ಗೋದಾಮುಗಳಲ್ಲಿ ಸರಕು ಮತ್ತು ಸ್ಪ್ರಿಂಕ್ಲರ್ ತಲೆಯ ನಡುವೆ 45 ಸೆಂಟಿಮೀಟರ್ ತೆರವು ಬೇಕು, ಇಲ್ಲದಿದ್ದರೆ ನೀರು ಹರಡಿಕೊಳ್ಳುವುದಿಲ್ಲ. ಆ ತಲೆಯಲ್ಲಿ ನೀರನ್ನು ತಡೆದಿಟ್ಟಿರುವ ಪುಟ್ಟ ಗಾಜಿನ ಬುರುಡೆಗೆ ಬಣ್ಣ ಬಳಿದರೆ ಅದು ಒಡೆಯಬೇಕಾದ ಕಾವಿಗೆ ಒಡೆಯದು. ಎಲ್ಲಕ್ಕಿಂತ ಕೆಟ್ಟದ್ದು, ಸೋರುತ್ತದೆಂದು ಮುಖ್ಯ ವಾಲ್ವ್ ಮುಚ್ಚಿ ಮರೆಯುವುದು. ಸ್ಪ್ರಿಂಕ್ಲರ್ ಕೈಕೊಟ್ಟ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಯಾರೋ ಅದನ್ನು ನಿಲ್ಲಿಸಿಟ್ಟದ್ದೇ ಕಾರಣ.

ವಿದ್ಯುತ್ತಿನ ಕಡೆಗೆ ಬಂದರೆ, ಪದೇ ಪದೇ ಬೀಳುತ್ತದೆ ಎಂದು 16 ಆಂಪಿಯರಿನ ಎಂಸಿಬಿಯನ್ನು, ಅಂದರೆ ಮಿತಿ ಮೀರಿ ಕರೆಂಟು ಹರಿದರೆ ತಾನೇ ಕಡಿದುಹಾಕುವ ಸ್ವಿಚ್ಚನ್ನು, ತೆಗೆಸಿ 32ರದ್ದು ಹಾಕಿಸುವವರಿದ್ದಾರೆ. ಗೋಡೆಯೊಳಗಿನ ತಂತಿ ಮಾತ್ರ ಹಳೆಯದೇ. ಕರೆಂಟು ಎರಡು ಪಟ್ಟಾದರೆ ತಂತಿಯ ಕಾವು ನಾಲ್ಕು ಪಟ್ಟಾಗುತ್ತದೆ. ಎಂಸಿಬಿ ಬೀಳುವುದು ಅದರ ಕೆಲಸ. ಬೀಳಲು ಕಾರಣವೇನೆಂದು ಹುಡುಕಬೇಕು. ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಶನ್ ಚುಚ್ಚುವುದು, ಅದರ ವೈರನ್ನು ಕಾರ್ಪೆಟ್ಟಿನ ಕೆಳಗೆ ಓಡಿಸುವುದು, ಪ್ಯಾನಲ್ ಬೋರ್ಡಿನ ಮುಂದೆ ಸುಮಾರು ಒಂದು ಮೀಟರ್ ತೆರವು ಬಿಡದೆ ಸಾಮಾನು ಒಟ್ಟುವುದು ಕೂಡ ದಂಡ ಬೀಳುವ ತಪ್ಪುಗಳೇ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಾಳಿಗೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ಅಲ್ಲಿ ಅನಿಲದ ಸಿಲಿಂಡರು ಇಟ್ಟಿದ್ದು ಕಂಡರೆ ಅಧಿಕಾರಿಗಳು ಗಡುವು ಕೊಡದೆ ತೆಗೆಸುವುದು ನ್ಯಾಯವೇ.

ಇನ್ನು ಶಿಕ್ಷೆಯ ವಿಚಾರ. ಮೊತ್ತ ಮತ್ತು ಸೆಕ್ಷನ್ನು ಊರೂರಿಗೆ ಬೇರೆ, ಸಾಗುವ ಕ್ರಮ ಮಾತ್ರ ಹೆಚ್ಚೂಕಡಿಮೆ ಒಂದೇ. ಮೊದಲು ಲಿಖಿತ ನೋಟಿಸು ಬರುತ್ತದೆ, ಯಾವ ಲೋಪ, ಯಾವ ನಿಯಮ, ಎಷ್ಟು ದಿನದ ಗಡುವು ಎಂದು. ಗಡುವು ಮುಗಿದ ಮೇಲೆ ಮರುತಪಾಸಣೆ. ಸರಿಯಾಗಿಲ್ಲದಿದ್ದರೆ ದಂಡ; ಅನೇಕ ಕಾನೂನುಗಳಲ್ಲಿ ಸರಿಪಡಿಸದ ಪ್ರತಿ ದಿನಕ್ಕೂ ಅದು ಬೆಳೆಯುತ್ತದೆ. ಆಮೇಲೆ ಪರವಾನಗಿ ಅಮಾನತು, ಕಡೆಗೆ ಬೀಗಮುದ್ರೆ. ಜೀವಕ್ಕೆ ತಕ್ಷಣದ ಅಪಾಯವಿದ್ದರೆ ಈ ಮೆಟ್ಟಿಲುಗಳನ್ನೆಲ್ಲ ಬಿಟ್ಟು ಅಂದೇ ಮುಚ್ಚಿಸುವ ಅಧಿಕಾರವೂ ಹಲವೆಡೆ ಇದೆ. ಜನ ಸತ್ತರೆ ಅದು ಕ್ರಿಮಿನಲ್ ಮೊಕದ್ದಮೆ. ಭಾರತೀಯ ನ್ಯಾಯ ಸಂಹಿತೆಯನ್ನು ನೋಡಿ. ಬೆಂಕಿಯ ವಿಷಯದಲ್ಲಿ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ನಡೆದುಕೊಂಡರೆ 287ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ನಿರ್ಲಕ್ಷ್ಯದಿಂದ ಸಾವಾದರೆ 106ನೇ ಸೆಕ್ಷನ್ನಿನಲ್ಲಿ ಐದು ವರ್ಷದವರೆಗೆ ಸೆರೆ. ಬ್ರಿಟನ್ನಿನ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2005ರ ಅಗ್ನಿ ಸುರಕ್ಷತಾ ಆದೇಶದಡಿ ಗಂಭೀರ ಲೋಪಕ್ಕೆ, ಬೆಂಕಿಯೇ ಬೀಳದಿದ್ದರೂ, ಎರಡು ವರ್ಷದವರೆಗೆ ಸೆರೆ ಮತ್ತು ಮಿತಿಯಿಲ್ಲದ ದಂಡ ಹಾಕಬಹುದು. ನಮಗೆ ಈ ಎರಡನೆಯ ದಾರಿಯೇ ಸರಿ ಅನ್ನಿಸುತ್ತದೆ. ಹೆಣ ಬಿದ್ದ ಮೇಲೆ ಭಾರವಾಗುವ ಶಿಕ್ಷೆ ಯಾರನ್ನೂ ಉಳಿಸುವುದಿಲ್ಲ.

ನ್ಯಾಯಾಲಯಗಳು ಕೆದಕುವ ಪ್ರಶ್ನೆ ಒಂದಿದೆ: ಹೊಣೆಗಾರರಿಗೆ ಅಪಾಯ ಗೊತ್ತಿತ್ತೇ, ಗೊತ್ತಿರಬೇಕಿತ್ತೇ? 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯಲ್ಲಿ 146 ಜನ ಸತ್ತರು. ಒಂಬತ್ತನೇ ಮಹಡಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಆ ಹೊತ್ತಿನಲ್ಲಿ ಬೀಗ ಬಿದ್ದದ್ದು ಮಾಲೀಕರಿಗೆ ಗೊತ್ತಿತ್ತೆಂದು ಸಾಬೀತುಮಾಡಲಾಗದೆ ಇಬ್ಬರೂ ಖುಲಾಸೆಯಾದರು. ಅವರಲ್ಲೊಬ್ಬರು, ಮ್ಯಾಕ್ಸ್ ಬ್ಲಾಂಕ್, 1913ರಲ್ಲಿ ಮತ್ತೆ ಕೆಲಸದ ವೇಳೆ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದರು. ಬಿದ್ದ ದಂಡ 20 ಡಾಲರ್.

1942ರ ನವೆಂಬರ್ 28ರಂದು ಬಾಸ್ಟನ್ನಿನ ಕೋಕನಟ್ ಗ್ರೋವ್ ನೈಟ್‌ಕ್ಲಬ್ಬಿನಲ್ಲಿ 492 ಜನ ಸತ್ತರು. ಮುಂಬಾಗಿಲಿನ ಸುತ್ತುವ ಕದ ಜನರ ಒತ್ತಡಕ್ಕೆ ಸಿಕ್ಕಿಕೊಂಡಿತು. ಕೆಳಗಿನ ಬಾರಿನ ಮೆಟ್ಟಿಲ ತುದಿಯ ಬಾಗಿಲಿಗೆ ಪ್ಯಾನಿಕ್ ಬಾರ್ ಇತ್ತು, ಅದರ ಮೇಲೊಂದು ಬೀಗವನ್ನೂ ಹಾಕಿದ್ದರು. ಮಾಲೀಕ ಬಾರ್ನೆಟ್ ವೆಲಾನ್‌ಸ್ಕಿ ಆ ರಾತ್ರಿ ಕ್ಲಬ್ಬಿನಲ್ಲಿರಲಿಲ್ಲ, ಆಸ್ಪತ್ರೆಯಲ್ಲಿದ್ದರು. ಆದರೂ ಅವರಿಗೆ 12ರಿಂದ 15 ವರ್ಷದ ಸೆರೆವಾಸ ವಿಧಿಸಲಾಯಿತು. 1944ರಲ್ಲಿ ಮ್ಯಾಸಚೂಸೆಟ್ಸ್‌ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬಾಗಿಲುಗಳನ್ನು ಆ ಸ್ಥಿತಿಯಲ್ಲಿ ಇಟ್ಟು ಕ್ಲಬ್ಬು ನಡೆಸಿದ್ದೇ ಅಪರಾಧ, ಬೆಂಕಿ ಹೇಗೆ ಹೊತ್ತಿತು, ಮಾಲೀಕ ಎಲ್ಲಿದ್ದ ಎಂಬುದು ಅವನನ್ನು ಕಾಪಾಡದು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತಾಗ, ಬಾಲ್ಕನಿಯ ಬಲಗಡೆಯ ದಾರಿಯನ್ನು ಹೆಚ್ಚುವರಿ ಕುರ್ಚಿಗಳಿಗಾಗಿ ಮುಚ್ಚಿದ್ದು ಮೊಕದ್ದಮೆಯ ಮುಖ್ಯ ಅಂಶಗಳಲ್ಲಿ ಒಂದಾಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಮಾಲೀಕರಿಗೂ ತಲಾ 30 ಕೋಟಿ ರೂಪಾಯಿ ಕಟ್ಟಲು ಹೇಳಿತು. ಬೆಂಕಿ ಬಿದ್ದು ಹದಿನೆಂಟು ವರ್ಷ ಕಳೆದಿತ್ತು.

ಈ ‘ಗೊತ್ತಿತ್ತೇ’ ಎಂಬ ಪ್ರಶ್ನೆಯಿಂದಾಗಿಯೇ ನೋಟಿಸು ಬಹಳ ತೂಕದ ಕಾಗದ. ಅದು ಕೈಸೇರಿದ ಕ್ಷಣದಿಂದ ‘ನನಗೆ ತಿಳಿದಿರಲಿಲ್ಲ’ ಎನ್ನಲು ಬರುವುದಿಲ್ಲ. ಬಂದ ದಿನವೇ ಮಾಡಬೇಕಾದದ್ದು: ಬೀಗ ತೆಗೆಯಿರಿ, ದಾರಿಯ ಸರಕು ಸಾಗಿಸಿ, ಬಾಗಿಲಿಗೆ ಕೊಟ್ಟ ಇಟ್ಟಿಗೆ ಎತ್ತಿ. ಇವಕ್ಕೆ ಹಣವೂ ಬೇಡ, ಗುತ್ತಿಗೆದಾರರೂ ಬೇಡ. ವೈರಿಂಗು, ಸ್ಪ್ರಿಂಕ್ಲರ್ ಮುಂತಾಗಿ ಸಮಯ ಹಿಡಿಯುವ ಕೆಲಸಕ್ಕೆ ಗಡುವು ಮುಗಿಯುವ ಮೊದಲೇ ಲಿಖಿತವಾಗಿ ಹೆಚ್ಚಿನ ದಿನ ಕೇಳಿ. ಜೊತೆಗೆ ಕೆಲಸ ಒಪ್ಪಿಸಿದ ಆದೇಶದ ಪ್ರತಿ ಇಡಿ. ಅಲ್ಲಿಯವರೆಗೆ ಆ ಭಾಗಕ್ಕೆ ಜನರನ್ನು ಬಿಡಬೇಡಿ. ಬಾಡಿಗೆಯ ಜಾಗವಾದರೆ ಯಾವ ಲೋಪ ಮಾಲೀಕರದು, ಯಾವುದು ಬಾಡಿಗೆದಾರರದು ಎಂದು ಕರಾರುಪತ್ರ ನೋಡಿ ಆಗಲೇ ಬರೆದುಕೊಳ್ಳಿ. ‘ಅವರು ಮಾಡಿಸುತ್ತಾರೆಂದುಕೊಂಡಿದ್ದೆ’ ಎಂದು ಇಬ್ಬರೂ ಹೇಳಿದರೆ ಇಬ್ಬರ ಮೇಲೂ ಪ್ರಕರಣ ಬೀಳಬಹುದು. ಒಂದು ಪುಸ್ತಕವಿಟ್ಟು ಪ್ರತಿ ತಪಾಸಣೆಯ ದಿನ, ಕಂಡದ್ದು, ಸರಿಪಡಿಸಿದ್ದು, ಸಹಿ ಬರೆಯುತ್ತ ಬನ್ನಿ. ವಿಮೆ ಕಂಪನಿಯವರೂ ಪರಿಹಾರ ಕೊಡುವ ಮೊದಲು ಅದನ್ನು ಕೇಳಬಹುದು. ಆದರೆ ನೋಡದ ಸಿಲಿಂಡರಿನ ಮುಂದೆ ‘ಸರಿಯಿದೆ’ ಎಂದು ಗೀಚಿದರೆ ಅದೇ ಪುಸ್ತಕ ನಿಮ್ಮ ವಿರುದ್ಧದ ಸಾಕ್ಷಿ.

ನೀವು ಮಾಲೀಕರಲ್ಲ, ಅಲ್ಲಿ ದುಡಿಯುವವರು, ಓದುವವರು, ವಾಸಿಸುವವರು ಎಂದಾದರೆ ದೂರು ಕೊಡುವ ಹಕ್ಕು ನಿಮಗೂ ಇದೆ. ಮೊದಲು ಮೇಲ್ವಿಚಾರಕರಿಗೆ ಬರಹದಲ್ಲೇ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಸರಿಯಾಗದಿದ್ದರೆ ಅಗ್ನಿಶಾಮಕ ಇಲಾಖೆಗೆ ಬರೆಯಿರಿ. ‘ಸುರಕ್ಷತೆ ಇಲ್ಲ’ ಎಂದಷ್ಟೇ ಬರೆದರೆ ಬಂದವರು ಎಲ್ಲಿ ನೋಡಬೇಕೆಂದು ತಿಳಿಯದೆ ಹೋದಾರು. ಕಟ್ಟಡ, ಮಹಡಿ, ಯಾವ ಬಾಗಿಲು, ಯಾವ ಹೊತ್ತಿನಲ್ಲಿ ಬೀಗ ಬೀಳುತ್ತದೆ, ಆ ಹೊತ್ತಿನಲ್ಲಿ ಒಳಗೆ ಎಷ್ಟು ಜನ ಇರುತ್ತಾರೆ ಎಂದು ಬರೆದು, ತಾರೀಖಿರುವ ಫೋಟೋ ಸೇರಿಸಿ. ರಾತ್ರಿ ಪಾಳಿಯಲ್ಲಿ ಮಾತ್ರ ಬೀಗ ಬೀಳುವುದಾದರೆ ಅದನ್ನು ತಪ್ಪದೆ ನಮೂದಿಸಿ. ಹಗಲು ಬಂದವರಿಗೆ ಆ ಬಾಗಿಲು ತೆರೆದೇ ಕಾಣುತ್ತದೆ.

ನಮಸ್ಕಾರ.