ಒಂದೊಂದು ಮಳೆಗೆ ಒಂದೊಂದು ಕಾಳು

ಅಣ್ಣಂದಿರೇ, ಅಕ್ಕಂದಿರೇ, ಎಲ್ಲರಿಗೂ ನಮಸ್ಕಾರ.

ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆ ದನ ಕಟ್ಟಿ, ಕೈಕಾಲು ತೊಳೆದು, ಜಗಲಿ ಮೇಲೆ ಕೂತು ರೇಡಿಯೋ ಹಾಕಿರುವವರು ನನ್ನ ಕಣ್ಣ ಮುಂದಿದ್ದೀರಿ. ನಿಮ್ಮ ಹೊಲಗಳ ಬದುವಿನ ಮೇಲೆ ಮೂವತ್ತೊಂದು ವರ್ಷ ಓಡಾಡಿದವನು ನಾನು. ಕೃಷಿ ಇಲಾಖೆಯಿಂದ ನಿವೃತ್ತಿಯಾದರೂ ಮಳೆ ಮೋಡ ಕಂಡರೆ ಇವತ್ತಿಗೂ ಮನೆಯೊಳಗೆ ಕೂರುವುದಕ್ಕೆ ಆಗುವುದಿಲ್ಲ.

ಆಕಾಶವಾಣಿಯವರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಹವಾಮಾನ ಬದಲಾವಣೆ ಮತ್ತು ಬೇಸಾಯ ಅಂತ ವಿಷಯ. ನಾನು ಹೇಳುವುದು ಒಂದೇ ಮಾತು. ಈ ಮುಂಗಾರಿಗೆ ಶೇಂಗಾ ಒಂದನ್ನೇ ಬಿತ್ತಬೇಡಿ. ಅಕ್ಕಡಿ ಸಾಲು ಇಡಿ, ಅಂದರೆ ಶೇಂಗಾ ಸಾಲುಗಳ ನಡುನಡುವೆ ತೊಗರಿಯದೊಂದು ಸಾಲು. ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಯಾಕೆ ಅಂತ ಹೇಳುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, ಕೋಡಿ ಬಿತ್ತು. ಹಿಂದೆ ಬಿದ್ದಿದ್ದು 1933ರಲ್ಲಿ. 89 ವರ್ಷ ಆಗಿತ್ತು. ಬುತ್ತಿ ಕಟ್ಟಿಕೊಂಡು ನೋಡುವುದಕ್ಕೆ ಹೋದೆವು ಅಲ್ವಾ? ಅದಾಗಿ ಒಂದೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿದರು. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದ ಲೆಕ್ಕ ಇಟ್ಟಾಗಿನಿಂದ ಅತಿ ಒಣಗಿದ ಆಗಸ್ಟ್. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಮಘೆ ಮಳೆ ಬೀಳುವುದೇ ಆಗಸ್ಟಿನಲ್ಲಿ. ಆ ಮಳೆಯೇ ಕೈಕೊಟ್ಟರೆ ಶೇಂಗಾ ಗತಿ ಏನು?

ಗಾಳಿ ಬಿಸಿಯಾದಷ್ಟೂ ನೀರನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಡಿಗ್ರಿ ಕಾವು ಏರಿದರೆ ಶೇಕಡ 7ರಷ್ಟು ಜಾಸ್ತಿ. ಮೊದಲು ಕೊಡದಲ್ಲಿ ಹೊರುತ್ತಿದ್ದ ನೀರನ್ನು ಈಗ ಹಂಡೆಯಲ್ಲಿ ಹೊರುತ್ತಿದೆ ಅಂದುಕೊಳ್ಳಿ. ಹಂಡೆ ತುಂಬುವವರೆಗೆ ಒಂದು ಹನಿ ಇಲ್ಲ. ತುಂಬಿದ ಮೇಲೆ ಒಂದೇ ರಾತ್ರಿ ಕವುಚಿ ಹಾಕಿ ಹೋಗುತ್ತದೆ. ಇನ್ನು ಮುಂದೆ ನಮ್ಮ ಮಳೆ ಹೀಗೇ.

ಶೇಂಗಾ ಬೇರೆ ಬೆಳೆಗಳ ಥರ ಅಲ್ಲ. ಹೂವು ಬಿಡುವುದು ಗಿಡದ ಮೇಲೆ, ಕಾಯಿ ಕಟ್ಟುವುದು ಮಣ್ಣಿನೊಳಗೆ. ಹೂವಿನ ಬುಡದಿಂದ ಸೂಜಿ ಥರದ ದಂಟು ಕೆಳಗೆ ಬಂದು ನೆಲ ಚುಚ್ಚಬೇಕು. ಆ ಹೊತ್ತಿಗೆ ಮೇಲ್ಮಣ್ಣು ಒಣಗಿದ್ದರೆ ನಮ್ಮ ಮಸಾರಿ ನೆಲ, ಅಂದರೆ ಕೆಂಪು ಮಣ್ಣಿನ ನೆಲ, ಕಲ್ಲಾಗಿರುತ್ತದೆ. ಸೂಜಿ ಇಳಿಯುವುದಿಲ್ಲ. ಗಿಡ ಹಸಿರಾಗಿ ಕಾಣುತ್ತದೆ, ಕಿತ್ತು ನೋಡಿದರೆ ಬುಡದಲ್ಲಿ ನಾಲ್ಕು ಕಾಯಿ. ಮೂರು ವಾರ ಮಳೆ ತಪ್ಪಿದರೆ ಇಡೀ ವರ್ಷದ ದುಡಿಮೆ ಹೋಯಿತು.

ಈಗ ಒಬ್ಬ ಅಜ್ಜಿಯ ವಿಷಯ ಹೇಳಬೇಕು.

ಸುಮಾರು ಹತ್ತು ವರ್ಷದ ಹಿಂದೆ. ಪರಶುರಾಂಪುರ ಹೋಬಳಿಯ ಒಂದು ಹಳ್ಳಿ. ಆರಿದ್ರ ಕಳೆದು ಪುನರ್ವಸು ಹಿಡಿದಿತ್ತು. ರಾತ್ರಿ ಹದ ಮಳೆ ಆಗಿ, ಬೆಳಗ್ಗೆ ಊರೆಲ್ಲ ಹೊಲದಲ್ಲಿ. ನಾನು ಆ ದಾರಿಯಲ್ಲಿ ಬರುವಾಗ ಒಂದು ಹೊಲದಲ್ಲಿ ಜಗಳ ನಡೆಯುತ್ತಿತ್ತು. ಟ್ರ್ಯಾಕ್ಟರ್ ನಿಂತಿದೆ. ಡ್ರೈವರ್ ಹುಡುಗ ಕೆಳಗಿಳಿದು ಕೈ ಬೀಸುತ್ತಿದ್ದಾನೆ. ಎದುರಿಗೆ ಒಬ್ಬ ಅಜ್ಜಿ, ಎಪ್ಪತ್ತು ದಾಟಿರಬೇಕು. ಮಡಿಲಲ್ಲಿ ಬೀಜ. ಕೂರಿಗೆಯಲ್ಲಿ ಬೀಜ ಇಳಿಯುವ ಒಂಬತ್ತು ತಾಳು, ಅದರಲ್ಲಿ ನಡುವಿನ ತಾಳಿನ ತೂತಿಗೆ ಹಳೇ ಸೀರೆ ಚೂರು ತುರುಕಿದ್ದಾಳೆ.

ಹುಡುಗ ಹೇಳುತ್ತಿದ್ದ, "ಅಜ್ಜಿ, ಇನ್ನೂ ನಾಲ್ಕು ಹೊಲ ಐತೆ ನಂಗೆ. ನೀನು ಹಿಂದೆ ನಡ್ಕಂಡು ಬಂದ್ರೆ ನಾನು ಯಾವಾಗ ಮುಗಿಸ್ಲಿ?"

ಅಜ್ಜಿ ಹೇಳಿದಳು, "ಗಂಟೆ ಲೆಕ್ಕಕ್ಕೆ ತಾನೇ ದುಡ್ಡು ತಗಂಬೋದು? ನಿಧಾನಕ್ಕೆ ಹೊಡಿ. ದುಡ್ಡು ನಂದು, ಹೊಲ ನಂದು."

ಹುಡುಗ ಗೊಣಗುತ್ತಾ ಹತ್ತಿದ. ಟ್ರ್ಯಾಕ್ಟರ್ ಮುಂದೆ, ಅಜ್ಜಿ ಹಿಂದೆ. ನಡುವಿನ ಸಾಲಿನಲ್ಲಿ ಗೇಣಿಗೊಂದರಂತೆ ತೊಗರಿ ಬಿಡುತ್ತಾ, ಕಾಲಲ್ಲೇ ಮಣ್ಣು ಮುಚ್ಚುತ್ತಾ ಹೋಗುತ್ತಿದ್ದಳು. ಹಿಂದೆ ಎತ್ತಿನ ಕೂರಿಗೆ ಇದ್ದಾಗ ಅದರ ಬೆನ್ನಿಗೆ ಹಗ್ಗದಲ್ಲಿ ಒಂದು ಬಿದಿರ ಕೊಳವೆ ಕಟ್ಟುತ್ತಿದ್ದರು, ಸಡ್ಡೆ ಅಂತ. ಹೆಂಗಸರು ಅದನ್ನು ಹಿಡಿದು ಹಿಂದೆ ನಡೆದು ಅಕ್ಕಡಿ ಕಾಳು ಬಿಡುತ್ತಿದ್ದರು. ಟ್ರ್ಯಾಕ್ಟರ್ ಬಂತು, ಸಡ್ಡೆ ಅಟ್ಟ ಸೇರಿತು. ಸಡ್ಡೆ ಜೊತೆಗೆ ತೊಗರಿಯೂ ಹೋಯಿತು. ಅದು ಬೇಡ ಅಂತ ಯಾರೂ ತೀರ್ಮಾನ ಮಾಡಲಿಲ್ಲ. ಸುಮ್ನೆ ಬಿಟ್ಟುಹೋಯಿತು.

ನಾನು ಬದುವಿನ ಮೇಲೆ ಕಾದೆ. ಅಜ್ಜಿ ನೀರು ಕುಡಿಯಲು ಬಂದಾಗ ಕೇಳಿದೆ, "ಇಷ್ಟು ಕಷ್ಟ ಯಾಕವ್ವ?" ಅವಳು ಹೇಳಿದ ಮಾತನ್ನು ಇವತ್ತಿಗೂ ಮರೆತಿಲ್ಲ. "ಯಾವ ಮಳೆ ಬತ್ತೈತೋ ಯಾವುದು ಹೋಗ್ತೈತೋ ನಂಗೇನು ಗೊತ್ತು ಸ್ವಾಮಿ? ಅದ್ಕೇ ಒಂದೊಂದು ಮಳೆಗೆ ಒಂದೊಂದು ಕಾಳು ಇಟ್ಟೀನಿ."

ಆ ವರ್ಷ ಆ ಊರಿಗೆ ಆಶ್ಲೇಷ ಬರಲಿಲ್ಲ, ಮಘೆ ಬರಲಿಲ್ಲ. ಶೇಂಗಾ ಊರಿಗೆ ಊರೇ ಹೋಯಿತು. ಅಜ್ಜಿಯದೂ ಹೋಯಿತು. ಬಿತ್ತನೆಗೆ ಹಾಕಿದ ಬೀಜ ವಾಪಸ್ ಬಂದರೆ ಹೆಚ್ಚು. ಎಲ್ಲರೂ ಬಳ್ಳಿ ಕಿತ್ತು ಬಣವೆ ಒಟ್ಟಿದರು, ಕೆಲವರು ಬೆಂಗಳೂರಿಗೆ ಕೂಲಿಗೆ ಹೋದರು. ಅದಾದ ಮೇಲೆ, ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿನಲ್ಲಿ, ಹಸ್ತ, ಚಿತ್ತೆ ಎರಡೂ ಮಳೆ ಚೆನ್ನಾಗಿ ಬಂದವು. ಖಾಲಿ ಹೊಲಗಳ ಮೇಲೆ ಬಂದವು. ಒಂದೇ ಒಂದು ಹೊಲದಲ್ಲಿ ಆ ಮಳೆ ಕುಡಿಯುವುದಕ್ಕೆ ಗಿಡ ಇತ್ತು. ಸಂಕ್ರಾಂತಿ ಹೊತ್ತಿಗೆ ಎರಡೂವರೆ ಎಕರೆಯಲ್ಲಿ ಮೂರು ಚೀಲ ತೊಗರಿ. ಮನೆಗೆ ಒಂದು ಚೀಲ ಇಟ್ಟುಕೊಂಡು ಎರಡು ಮಾರಿದಳು. ಅಜ್ಜಿಯ ಮೊಮ್ಮಗ ಆ ವರ್ಷ ಕಾಲೇಜು ಬಿಡಲಿಲ್ಲ.

ಮೂರೇ ಚೀಲ ಅಲ್ವಾ ಅನ್ನಬೇಡಿ. ಪಕ್ಕದ ಹೊಲದಲ್ಲಿ ಅದೂ ಇರಲಿಲ್ಲ.

ಇದರ ಗುಟ್ಟು ಬೇರಿನಲ್ಲಿದೆ. ತೊಗರಿ ಮೊದಲ ಎರಡು ತಿಂಗಳು ಮೇಲೆ ಹೆಚ್ಚು ಏಳುವುದಿಲ್ಲ. ಬೇರನ್ನು ಆಳಕ್ಕೆ ಇಳಿಸುತ್ತಿರುತ್ತದೆ. ಅಷ್ಟರಲ್ಲಿ ಶೇಂಗಾ ತನ್ನ ಪಾಡಿಗೆ ಬೆಳೆದುಕೊಳ್ಳುತ್ತದೆ, ಒಂದಕ್ಕೊಂದು ತೊಂದರೆ ಇಲ್ಲ. ಶೇಂಗಾ ನಾಲ್ಕು ತಿಂಗಳಿಗೆ ಮುಗಿಯುತ್ತದೆ, ತೊಗರಿ ಐದಾರು ತಿಂಗಳು ನಿಲ್ಲುತ್ತದೆ. ನಾವಿರುವುದು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿ. ಜೂನ್, ಜುಲೈ ನಮಗೆ ತುಂತುರು, ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆ ಮಳೆ ಬರುವಾಗ ಹೊಲದಲ್ಲಿ ಏನಾದರೂ ನಿಂತಿರಬೇಕು ತಾನೇ? ಅದಕ್ಕೇ ಹೇಳುವುದು, ಶೇಂಗಾ ಒಂದನ್ನೇ ಬಿತ್ತಬೇಡಿ.

ಖರ್ಚಿನ ಮಾತು ಎತ್ತಬೇಡಿ, ದಯವಿಟ್ಟು. ಎಕರೆಗೆ 40ರಿಂದ 50 ಕೆಜಿ ಶೇಂಗಾ ಬೀಜ ಹಾಕುತ್ತೀರಿ. ತೊಗರಿ ಒಂದೂವರೆ ಕೆಜಿ ಸಾಕು. ನಡುವಿನ ತಾಳನ್ನೇ ಮುಚ್ಚಿ, ಅಂಚಿನದನ್ನು ಮುಚ್ಚಬೇಡಿ. ಅಂಚಿನದು ಮುಚ್ಚಿದರೆ ಟ್ರ್ಯಾಕ್ಟರ್ ತಿರುಗಿ ಬರುವಾಗ ಎರಡು ತೊಗರಿ ಸಾಲು ಅಕ್ಕಪಕ್ಕ ಬಂದುಬಿಡುತ್ತವೆ. ನಡುವಿನದಾದರೆ ಎಂಟು ಸಾಲು ಶೇಂಗಾಕ್ಕೆ ಒಂದು ಸಾಲು ತೊಗರಿ, ಸರಿಯಾಗಿ ಬರುತ್ತದೆ. ಕಳೆ ತೆಗೆಯಲು ಎಡೆಕುಂಟೆ ಹೊಡೆಯುವುದಕ್ಕೂ ತೊಂದರೆ ಇಲ್ಲ.

ಒಂದು ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ಊರಲ್ಲಿ ಎಲ್ಲರೂ ಶೇಂಗಾ ಕಿತ್ತ ಮೇಲೆ ಕುರಿ ಮಂದೆ ಹೊಲಕ್ಕೆ ಇಳಿಯುತ್ತದೆ. ನನ್ನೊಬ್ಬನ ತೊಗರಿ ನಿಂತಿದ್ದರೆ ಉಳಿಯುತ್ತಾ ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಒಬ್ಬರೇ ಇಟ್ಟರೆ ಕಾಯುವುದು ಕಷ್ಟ. ಅಕ್ಕಪಕ್ಕದ ಹತ್ತು ಹೊಲದವರು ಮಾತಾಡಿಕೊಳ್ಳಿ. ಕುರಿ ಕಾಯುವವರನ್ನೂ ಕೂರಿಸಿಕೊಂಡು, ಸಂಕ್ರಾಂತಿವರೆಗೆ ಈ ಕಡೆ ಬರಬೇಡಿ, ಆಮೇಲೆ ನಮ್ಮ ಹೊಲದಲ್ಲೇ ಮಂದೆ ನಿಲ್ಲಿಸಿ ಅಂತ ಹೇಳಿ. ಅವರಿಗೆ ಮೇವು, ನಿಮಗೆ ಗೊಬ್ಬರ. ನಮ್ಮೂರುಗಳಲ್ಲಿ ಈ ಮಾತುಕತೆ ಮೊದಲು ಇತ್ತು.

ಸಮಯ ಆಗುತ್ತಾ ಬಂತು ಅಂತ ಗಾಜಿನ ಆ ಕಡೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳಿಬಿಡುತ್ತೇನೆ. ಹೊಲದ ಸುತ್ತ ನಾಲ್ಕು ಸಾಲು ಸಜ್ಜೆ ಒತ್ತಾಗಿ ಹಾಕಿ, ನಂಜು ರೋಗ ತರುವ ನುಸಿ ಕಡಿಮೆ ಆಗುತ್ತದೆ. ಅಲ್ಲಲ್ಲಿ ಹರಳು ಗಿಡ ಇರಲಿ. ಎಲೆ ತಿನ್ನುವ ಹುಳುವಿನ ಚಿಟ್ಟೆ ಅದರ ಮೇಲೆ ಮೊಟ್ಟೆ ಇಡುತ್ತದೆ, ಆ ಎಲೆ ಕಿತ್ತು ಹಾಕಿದರೆ ಆಯಿತು. ಉಳುಮೆ ಇಳಿಜಾರಿಗೆ ಅಡ್ಡಲಾಗಿರಲಿ. ಶೇಂಗಾ ಹೂವಾಡುವಾಗ ಎಕರೆಗೆ 200 ಕೆಜಿ ಜಿಪ್ಸಂ. ಶೇಂಗಾದ ಟಿಎಂವಿ-2 ತಳಿ ಬಂದಿದ್ದು 1940ರಲ್ಲಿ. ಇನ್ನೂ ಅದನ್ನೇ ಬಿತ್ತುತ್ತಿದ್ದರೆ ಹಿರಿಯೂರಿನ ಬಬ್ಬೂರು ಫಾರಂಗೆ, ಅದೇ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಹೊಸ ತಳಿ ವಿಚಾರಿಸಿ. ಆಗಸ್ಟ್ ಬಂದರೂ ಬಿತ್ತನೆ ಆಗದಿದ್ದರೆ ಶೇಂಗಾ ಆಸೆ ಬಿಟ್ಟು ನವಣೆಯನ್ನೋ ಹುರುಳಿಯನ್ನೋ ಬಿತ್ತಿ.

ತೊಗರಿ ಬೀಜವನ್ನು ಈ ವಾರವೇ ತಂದಿಟ್ಟುಕೊಳ್ಳಿ. ಟ್ರ್ಯಾಕ್ಟರ್ ಬಾಡಿಗೆ ಮಾತಾಡುವಾಗಲೇ ಡ್ರೈವರಿಗೆ ಹೇಳಿ, ನಡುವಿನ ತಾಳು ಮುಚ್ಚುತ್ತೇವೆ, ನಿಧಾನಕ್ಕೆ ಹೊಡಿಯಪ್ಪ ಅಂತ. ಹದ ಆದ ಬೆಳಗ್ಗೆ, ಹೊಲದಲ್ಲಿ ನಿಂತು ಹೇಳಿದರೆ ಯಾರೂ ಕೇಳುವುದಿಲ್ಲ. ನಮಸ್ಕಾರ.